ಹಾವೇರಿ ಸೀಮೆಯ ಪತ್ತಾರಿಕೆ: ಶಿಲೆ, ಶಾಸನ, ಒಡವೆ

ಚಿನ್ನಗೆಲಸದ ಚರಿತ್ರೆಯನ್ನು ಬರೆಯಹೊರಟವನಿಗೆ ಮೊದಲು ಎದುರಾಗುವ ತೊಡಕು ಚಿನ್ನದ್ದೇ ಆಗಿದೆ. ಕಲ್ಲು ಒಡೆದರೆ ತುಂಡಾಗಿ ಉಳಿಯುತ್ತದೆ; ಗಡಿಗೆ ಒಡೆದರೆ ಬೋಕಿಯಾಗಿ ಮಣ್ಣಿನಲ್ಲಿ ಕುಳಿತು ಸಂಶೋಧಕನ ಹಾದಿ ಕಾಯುತ್ತದೆ. ಚಿನ್ನ ಮಾತ್ರ ಕಾಯುವುದಿಲ್ಲ. ಅಜ್ಜಿಯ ಟೀಕಿ ಮೂಸೆಗಿಳಿದು ಮಗಳ ಏಕಾವಳಿಯಾಗುತ್ತದೆ. ಆ ಏಕಾವಳಿ ಮೊಮ್ಮಗಳ ಮದುವೆಯಲ್ಲಿ ಬಳೆಯಾಗುತ್ತದೆ. ಲೋಹವು ಹಾಗೆಯೇ ಉಳಿದು ಅದರ ಮೇಲಿನ ಕೈಕೆಲಸವು ಅಳಿದುಹೋಗುವ ಈ ವೃತ್ತಿಯಲ್ಲಿ ಎಂಟುನೂರು ವರ್ಷಗಳ ಹಿಂದಿನ ಒಂದು ಮೂಗುತಿಯನ್ನು ಹುಡುಕುವುದು ವ್ಯರ್ಥ ಪ್ರಯಾಸವೇ ಸರಿ. ಆದಕಾರಣ ಇಲ್ಲಿ ಪ್ರಮಾಣಗಳನ್ನು ಒಡವೆಯ ಹೊರಗೆ, ಎಂದರೆ ದೇವಾಲಯಗಳ ಶಿಲೆಯಲ್ಲಿ, ಶಾಸನಗಳ ಲೆಕ್ಕದ ಮಾತಿನಲ್ಲಿ, ವೃತ್ತಿಯವರ ಪದಗಳಲ್ಲಿ ಮತ್ತು ಇಂದಿಗೂ ನಡೆದಿರುವ ಕೆಲಸದ ಕ್ರಮದಲ್ಲಿ ಅರಸಬೇಕಾಗಿದೆ. ಪ್ರಸ್ತುತ ಲೇಖನದಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಸೀಮೆಯನ್ನು ಕುರಿತು ಅಂಥ ಒಂದು ಪ್ರಯತ್ನವನ್ನು ಮಾಡಲಾಗಿದೆ.

ಈ ಮೂರು ಊರುಗಳು ಹುಬ್ಬಳ್ಳಿಯಿಂದ ಹರಿಹರಕ್ಕೆ ಹೋಗುವ ರೈಲುದಾರಿಯ ಮೇಲೆ ಒಂದರ ಹಿಂದೊಂದು ಬರುತ್ತವೆ. 1997ರ ಆಗಸ್ಟ್ 24ರಂದು ಹಾವೇರಿ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಇವು ಧಾರವಾಡ ಜಿಲ್ಲೆಗೆ ಸೇರಿದ್ದವು. ಪ್ರಾಚೀನ ಕಾಲದಲ್ಲಿ ಈ ಸುತ್ತಿನ ನೆಲವು ಬನವಾಸಿ ಪನ್ನಿರ್ಛಾಸಿರ, ಪಾನುಂಗಲ್ಲು ಐನೂರು ಮೊದಲಾದ ನಾಡುಗಳಲ್ಲಿ ಹಂಚಿಹೋಗಿದ್ದು, ಕಲ್ಯಾಣದ ಚಾಲುಕ್ಯರು, ಅವರ ಮಾಂಡಲಿಕರಾದ ಹಾನಗಲ್ಲ ಕದಂಬರು ಮತ್ತು ಗುತ್ತವೊಳಲ ಗುತ್ತರು, ತರುವಾಯ ದೇವಗಿರಿಯ ಸೇವುಣರು ಇಲ್ಲಿ ಆಳಿದರು. ರಾಜಕೀಯ ವಿವರಗಳು ಸರ್ವವಿದಿತವಾಗಿರುವುದರಿಂದ ಅವುಗಳನ್ನು ಇಲ್ಲಿ ಬೆಳಸುವುದಿಲ್ಲ.

ಮೊದಲು ಹೆಸರಿನ ಮಾತು. ಹಳಗನ್ನಡ ಶಾಸನಗಳಲ್ಲಿ ಬರುವ 'ಅಕ್ಕಸಾಲೆ' ಎಂಬ ಶಬ್ದವು ಸಂಸ್ಕೃತದ 'ಅರ್ಕಶಾಲಾ' ಎಂಬುದರ ತದ್ಭವವೆಂಬ ಅಭಿಪ್ರಾಯವಿದೆ. ಮೊದಲು ಕೆಲಸದ ಸ್ಥಳವನ್ನು, ಬಳಿಕ ಕೆಲಸಗಾರನನ್ನು ಅದು ಸೂಚಿಸಿತೆಂದು ಊಹಿಸಲು ಅವಕಾಶವಿದೆ. ನಾಣ್ಯ ಹೊಡೆಯುವ ಜಾಗಕ್ಕೆ 'ಕಮ್ಮಟ', 'ಟಂಕಸಾಲೆ' ಎಂಬ ಮಾತುಗಳಿದ್ದವು. ಹಾವೇರಿ ಸೀಮೆಗೆ ಸಮೀಪದ ಲಕ್ಕುಂಡಿ ಮತ್ತು ಸೂಡಿಗಳಲ್ಲಿ ಟಂಕಸಾಲೆಗಳಿದ್ದವೆಂಬುದು ಶಾಸನಸಿದ್ಧವಾದ ಸಂಗತಿ. 'ಲೊಕ್ಕಿಗದ್ಯಾಣ'ವೆಂಬ ನಾಣ್ಯದ ಹೆಸರೇ ಲಕ್ಕುಂಡಿಯ ಹಳೆಯ ಹೆಸರಾದ ಲೊಕ್ಕಿಗುಂಡಿಯನ್ನು ಉಳಿಸಿಕೊಂಡಿದೆ. ಆದರೆ ಇಂದು ಈ ಭಾಗದ ಜನರ ಬಾಯಲ್ಲಿ ಅಕ್ಕಸಾಲೆ ಎಂಬುದಕ್ಕಿಂತ 'ಪತ್ತಾರ' ಎಂಬ ಹೆಸರೇ ಹೆಚ್ಚು ಬಳಕೆಯಲ್ಲಿದೆ. ಪಾಂಚಾಳ ಅಥವಾ ವಿಶ್ವಕರ್ಮ ಸಮುದಾಯದಲ್ಲಿ ಕಬ್ಬಿಣದವನು ಕಮ್ಮಾರ, ಮರದವನು ಬಡಿಗ, ಕಂಚಿನವನು ಕಂಚಗಾರ, ಕಲ್ಲಿನವನು ಶಿಲ್ಪಿ, ಚಿನ್ನಬೆಳ್ಳಿಯವನು ಪತ್ತಾರ. ಕರಾವಳಿಯ ಕಡೆಯಿಂದ ಬಂದು ನೆಲಸಿದ ದೈವಜ್ಞರಾದ ಸೋನಗಾರರೂ ಇದೇ ಕಸಬಿನವರು. ಇವರಿಬ್ಬರ ಕೆಲಸದ ಕ್ರಮದಲ್ಲಿ ಹೆಚ್ಚಿನ ಅಂತರವಿದ್ದಂತೆ ತೋರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ಉಚಿತ. ಊರ ಹೆಸರಿನಲ್ಲಿ 'ಹೊನ್ನು' ಕಂಡೊಡನೆ ಅಲ್ಲಿ ಚಿನ್ನವಿತ್ತೆಂದು ಬರೆಯುವ ಚಪಲ ನಮ್ಮಲ್ಲಿ ಕೆಲವರಿಗುಂಟು. ರಾಣೆಬೆನ್ನೂರು ತಾಲ್ಲೂಕಿನ ಹೊನ್ನತ್ತಿಯನ್ನು ಅಂಥ ಪಟ್ಟಿಗೆ ಸೇರಿಸುವುದು ಕಷ್ಟವಲ್ಲ. ಆದರೆ ಅತ್ತಿಯ ಮರದ ಹೊಂಬಣ್ಣವೂ ಆ ಹೆಸರಿಗೆ ಸಾಕಷ್ಟು ಕಾರಣವಾಗಬಲ್ಲದು. ಇದಕ್ಕೆ ವ್ಯತಿರಿಕ್ತವಾಗಿ, ಹೆಸರಿನಲ್ಲಿ ಹೊನ್ನಿನ ಸುಳಿವೇ ಇಲ್ಲದ ಹಾವೇರಿ ತಾಲ್ಲೂಕಿನ ಗಣಜೂರಿನ ನೆಲದಲ್ಲಿ ಭೂಶೋಧಕರು ಚಿನ್ನದ ನಿಕ್ಷೇಪವನ್ನು ಗುರುತಿಸಿದ್ದಾರೆ! ಪೂರ್ವದಲ್ಲಿ ಕಪ್ಪತಗುಡ್ಡದ ಹಳ್ಳಗಳಲ್ಲಿ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದ ಜಾಲಗಾರರ ವಿಷಯ 1884ರ ಮುಂಬಯಿ ಪ್ರಾಂತದ ಧಾರವಾಡ ಗ್ಯಾಜೆಟಿಯರಿನಲ್ಲಿ ಬಂದಿದೆ. ಈ ಜಾಲಗಾರರ ಇನ್ನೊಂದು ಕೆಲಸ ಪತ್ತಾರರ ಅಂಗಡಿಯ ಬೂದಿ ಮತ್ತು ಕಸವನ್ನು ಕೊಂಡು ಜಾಲಿಸುವುದು. ಹಳ್ಳದಲ್ಲಿ ಹರಿದುಬಂದ ಚಿನ್ನಕ್ಕೂ ಪತ್ತಾರನ ಅರದಿಂದ ಉದುರಿದ ಚಿನ್ನಕ್ಕೂ ಒಂದೇ ಮರಿಗೆ ಸಾಕಾಗುತ್ತಿತ್ತು.

ಇನ್ನು ಶಿಲೆಯ ಸಾಕ್ಷ್ಯ. ಹಾವೇರಿಯ ಸಿದ್ಧೇಶ್ವರ, ತುಂಗಭದ್ರೆಯ ದಡದ ಚೌಡದಾನಪುರದ ಮುಕ್ತೇಶ್ವರ, ವರದಾ-ತುಂಗಭದ್ರೆಯರ ಸಂಗಮದ ಬಳಿಯ ಗಳಗನಾಥದ ಗಳಗೇಶ್ವರ ಇವು ಹನ್ನೊಂದು-ಹನ್ನೆರಡನೆಯ ಶತಮಾನಗಳ ಚಾಲುಕ್ಯ ಶೈಲಿಯ ಕೃತಿಗಳು. ಹೆನ್ರಿ ಕಜಿನ್ಸರು 1926ರಲ್ಲಿ ಪ್ರಕಟಿಸಿದ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಗ್ರಂಥದಿಂದ ಇವು ವಿದ್ವತ್ಪ್ರಪಂಚಕ್ಕೆ ಹೆಚ್ಚು ಪರಿಚಿತವಾದವು. ಅವುಗಳ ಯೋಜನೆ, ಶಿಖರ, ಸಿದ್ಧೇಶ್ವರವು ಪಶ್ಚಿಮಾಭಿಮುಖವಾಗಿರುವುದರ ಕಾರಣ ಮುಂತಾದವನ್ನು ಕುರಿತು ಸಾಕಷ್ಟು ಚರ್ಚೆ ನಡೆದಿದೆ. ನಮಗೆ ಪ್ರಕೃತವಾದುದು ಇವುಗಳ ಕಲ್ಲು. ಹಿಂದಿನ ಮರಳುಗಲ್ಲಿಗೆ ಬದಲಾಗಿ ಈ ಕಾಲದ ಶಿಲ್ಪಿಗಳು ಬಳಪದ ಜಾತಿಯ ಕಲ್ಲನ್ನು ಹಿಡಿದರು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಬಿಸಿಲಿಗೆ ಬರುಬರುತ್ತ ಗಡುಸಾಗುವ ಈ ಕಲ್ಲಿನಲ್ಲಿ ಉಳಿಯ ಕೆಲಸಕ್ಕಿಂತ ಸೂಕ್ಷ್ಮವಾದ, ಬಹುಮಟ್ಟಿಗೆ ಲೋಹದ ಮೇಲೆ ಮಾಡುವಂಥ ಕೆಲಸ ಸಾಧ್ಯವಾಯಿತು. ಕಂಬಗಳನ್ನು ಚರಕಿಗೆ ಹಾಕಿ ಕಡೆದು ಅಂಚುಗಳನ್ನು ಕಂಚಿನ ದೀಪದ ಕಂಬದಂತೆ ಹರಿತಗೊಳಿಸಲಾಯಿತು.

ಇದನ್ನು ಕಂಡು, ಶಿಲ್ಪಿಗಳು ಅಕ್ಕಸಾಲೆಯರನ್ನು ಅನುಕರಿಸಿದರೆಂದು ಹೇಳುವವರುಂಟು. ಈ ಮಾತು ಅರ್ಧ ಸತ್ಯವೆಂದು ನಮಗೆ ತೋರುತ್ತದೆ. ದ್ವಾರಪಾಲಕನ ಕೊರಳಿನ ಹಾರ, ತೋಳಿನ ಕೇಯೂರ, ತೊಡೆಯ ಮೇಲೆ ಇಳಿಬಿದ್ದ ಮುತ್ತಿನ ಉರುದಾಮ, ಕಾಲಿನ ನೂಪುರ ಇವೆಲ್ಲ ಪ್ರತಿಮಾಶಾಸ್ತ್ರವು ವಿಧಿಸಿದವು. ಆ ಕಾಲದ ಹಾವೇರಿಯ ಗೃಹಿಣಿಯ ಪೆಟ್ಟಿಗೆಯ ಪಟ್ಟಿಯೆಂದು ಅವನ್ನು ಓದತಕ್ಕದ್ದಲ್ಲ. ದೇವತೆಗಳು ತೊಟ್ಟಷ್ಟನ್ನು ಮನುಷ್ಯರು ತೊಡುತ್ತಿದ್ದರೆ ನಡೆಯುವುದೇ ಕಷ್ಟವಾಗುತ್ತಿತ್ತು. ಆದರೆ ಯಾವ ಒಡವೆ ಎಂಬುದನ್ನು ಬಿಟ್ಟು ಅದು ಹೇಗೆ ಕೂಡಿದೆ ಎಂಬುದನ್ನು ನೋಡಿದಾಗ ಬೇರೆ ಸಂಗತಿ ಹೊರಬೀಳುತ್ತದೆ. ಹೆಣೆದ ಎಳೆಗೂ ಹುರಿಮಾಡಿದ ಎಳೆಗೂ ಇರುವ ಭೇದ, ಹಾರದ ನಡುವಿನ ಪದಕವು ಮೇಲಿನ ಎಳೆಗೆ ಕೊಂಡಿಯಿಂದ ತೂಗುವ ರೀತಿ, ಗುಂಡುಗಳ ನಡುವೆ ಸಣ್ಣ ತಡೆಬಿಲ್ಲೆಯನ್ನು ಇಡುವ ಕ್ರಮ ಇವುಗಳನ್ನು ಯಾವ ಶಾಸ್ತ್ರವೂ ಶಿಲ್ಪಿಗೆ ಹೇಳಿಕೊಡುವುದಿಲ್ಲ. ಅವನು ಅವನ್ನು ಕಣ್ಣಾರೆ ಕಂಡಿರಬೇಕು. ಶಿಲ್ಪಿಯೂ ಪತ್ತಾರನೂ ಒಂದೇ ಪಾಂಚಾಳ ಮನೆತನಗಳ ಮಕ್ಕಳೆಂಬುದನ್ನು ನೆನೆದರೆ ಇದು ಅನುಕರಣವೆನ್ನುವುದಕ್ಕಿಂತ ಓಣಿಯ ಪರಿಚಯವೆನ್ನುವುದೇ ಸಮಂಜಸ.

ಗ್ರಂಥಸಾಕ್ಷ್ಯವೂ ಈ ಕಾಲಕ್ಕೆ ಒದಗುತ್ತದೆ. ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಆಭರಣಗಳ ವರ್ಣನೆಯಲ್ಲದೆ ಮೇಣದ ಅಚ್ಚಿನಿಂದ ಲೋಹವನ್ನೆರೆಯುವ ವಿಧಾನವೂ ಇದೆ. ಮೇಣದಲ್ಲಿ ರೂಪವನ್ನು ಮಾಡಿ, ಮಣ್ಣು ಬಳಿದು ಒಣಗಿಸಿ, ಕಾಯಿಸಿ ಮೇಣವನ್ನು ಹೊರಹರಿಸಿ, ಆ ಬರಿದಾದ ಎಡೆಯಲ್ಲಿ ಕರಗಿದ ಲೋಹವನ್ನು ತುಂಬುವುದು ಆ ವಿಧಾನ. ಮೇಣದ ತೂಕಕ್ಕೆ ಬೆಳ್ಳಿಯಾದರೆ ಹನ್ನೆರಡು ಪಾಲು, ಚಿನ್ನವಾದರೆ ಹದಿನಾರು ಪಾಲು ಲೋಹ ಬೇಕೆಂದು ಅಲ್ಲಿ ಹೇಳಿದೆ. ಅರಸನು ಕೈಯಾರೆ ಎರಕ ಹೊಯ್ದನೆಂದು ನಾವು ನಂಬಬೇಕಾಗಿಲ್ಲ. ಈ ಲೆಕ್ಕವನ್ನು ಅವನ ಪಂಡಿತರು ಯಾವನೋ ಕೆಲಸಗಾರನ ಬಾಯಿಂದಲೇ ಕೇಳಿ ಬರೆದುಕೊಂಡಿರಬೇಕು. ಹೀಗೆ ಹೆಸರಿಲ್ಲದ ಆ ಕೆಲಸಗಾರನ ಅನುಭವವು ಸಂಸ್ಕೃತ ಶ್ಲೋಕದಲ್ಲಿ ಸೇರಿಹೋಯಿತು.

ಹನ್ನೆರಡನೆಯ ಶತಮಾನದ ಶರಣ ಚಳವಳಿಯು ಈ ವೃತ್ತಿಗೆ ಎರಡು ಬಗೆಯಲ್ಲಿ ಸಂಬಂಧಿಸಿದೆ. ಕಿನ್ನರಿ ಬ್ರಹ್ಮಯ್ಯನು ಮೊದಲು ಅಕ್ಕಸಾಲೆಯಾಗಿದ್ದು, ಆ ವೃತ್ತಿಯನ್ನು ತೊರೆದು ಕಿನ್ನರಿ ನುಡಿಸುವ ಕಾಯಕವನ್ನು ಹಿಡಿದನೆಂಬುದು ಸಂಪ್ರದಾಯ. ಅಕ್ಕಸಾಲೆಯನ್ನು ಲೋಕವು ಸಂಶಯದಿಂದ ಕಾಣುತ್ತಿದ್ದುದು ಹಳೆಯ ಮಾತೇ. ಅಕ್ಕನ ಚಿನ್ನವಾದರೂ ಅಕ್ಕಸಾಲೆ ಬಿಡನೆಂಬ ಗಾದೆ ಇಂದಿಗೂ ಸತ್ತಿಲ್ಲ. ಇದೇ ಜಿಲ್ಲೆಯವನಾದ ಸರ್ವಜ್ಞನೂ ಈ ವಿಷಯದಲ್ಲಿ ಕರುಣೆ ತೋರಿದವನಲ್ಲ. ಸಂಶಯಕ್ಕೆ ವೃತ್ತಿಯ ಸ್ವರೂಪವೇ ಕಾರಣವಾಗಿದೆ: ಗಿರಾಕಿಯು ತನ್ನ ಚಿನ್ನವನ್ನು ತಾನೇ ಕೊಟ್ಟು, ಕಣ್ಣೆದುರಿನಲ್ಲಿ ಅದು ಕರಗುವುದನ್ನು, ಬೆಸುಗೆಗಾಗಿ ಬೇರೆ ಲೋಹವು ಅದರಲ್ಲಿ ಬೆರೆಯುವುದನ್ನು ನೋಡುತ್ತಾನೆ. ಬೆಸುಗೆಯಿಲ್ಲದೆ ಒಡವೆ ಕೂಡದು; ಬೆಸುಗೆಯಿಂದ ಚಿನ್ನದ ಅಪರಂಜಿತನ ಕುಂದದೆ ಇರದು. ಪ್ರಾಮಾಣಿಕನಾದ ಪತ್ತಾರನೂ ಈ ಲೆಕ್ಕವನ್ನು ಗಿರಾಕಿಗೆ ತಿಳಿಸಿ ಒಪ್ಪಿಸುವುದು ಸುಲಭವಲ್ಲ.

ಎರಡನೆಯ ಸಂಬಂಧ ಇಷ್ಟಲಿಂಗದ ಕರಡಿಗೆಯದು. ಅಂಗದ ಮೇಲೆ ಲಿಂಗವನ್ನು ಧರಿಸುವ ಸಂಪ್ರದಾಯವು ನೆಲೆಗೊಂಡಂತೆ ಅದನ್ನು ಇಡುವ ಸಜ್ಜೆ, ಗುಂಡಗಡಿಗೆ, ಚೌಕಗಳನ್ನು ಬೆಳ್ಳಿಯಲ್ಲಿ ಮಾಡುವ ಕೆಲಸವು ಉತ್ತರ ಕರ್ನಾಟಕದ ಪತ್ತಾರರಿಗೆ ವಿಶೇಷವಾಗಿ ಒದಗಿತು. ಈ ಕೆಲಸಕ್ಕೆ ಸಲ್ಲಬೇಕಾದಷ್ಟು ಗಮನ ಇನ್ನೂ ಸಂದಿಲ್ಲವೆಂದು ನಮ್ಮ ಭಾವನೆ. ಕರಡಿಗೆಯು ಒಡವೆಯಂತೆ ಹಬ್ಬಕ್ಕೊಮ್ಮೆ ಪೆಟ್ಟಿಗೆಯಿಂದ ಹೊರಬರುವ ವಸ್ತುವಲ್ಲ. ಪ್ರತಿದಿನವೂ ಪೂಜೆಯ ವೇಳೆಗೆ ತೆರೆದು ಮುಚ್ಚುವ, ಹೊಲದಲ್ಲಿ ಬಗ್ಗಿ ಕೆಲಸಮಾಡುವವನ ಎದೆಯ ಮೇಲೆ ಶಿವದಾರದಿಂದ ತೂಗುವ, ಬೆವರು ತಗಲುವ ಪಾತ್ರೆ ಅದು. ಅದರ ಮುಚ್ಚಳ ಸಡಿಲಾಗಿರಕೂಡದು, ಬಿಗಿಯಾಗಿಯೂ ಇರಕೂಡದು. ತೆಳ್ಳನೆಯ ಬೆಳ್ಳಿಯ ತಗಡನ್ನು ಅಡಿಗಲ್ಲಿನ ಮೇಲೆ ಬಡಿದು ಗುಂಡಗೆ ಎಬ್ಬಿಸಿ, ಎರಡು ಹೋಳುಗಳ ಬಾಯನ್ನು ಒಂದಕ್ಕೊಂದು ಹೊಂದಿಸಿ, ಮೇಲೆ ಬಳ್ಳಿಯ ಕೆತ್ತನೆ ತೆಗೆಯುವುದರಲ್ಲಿ ಪತ್ತಾರನ ಎಲ್ಲ ವಿದ್ಯೆಯೂ ಖರ್ಚಾಗುತ್ತದೆ. ಗಂಡಸರ, ಹೆಂಗಸರ, ಮಕ್ಕಳ ಎದೆಯ ಮೇಲೆ ಸಮನಾಗಿ ಕಾಣುವ ಬೆಳ್ಳಿಯ ಕೆಲಸ ಇದೊಂದೇ ಇರಬಹುದು.

ಒಡವೆಗಳ ಹೆಸರುಗಳು ಸ್ವತಃ ಒಂದು ಚರಿತ್ರೆಯ ಕಡತ. ಬೋರಮಾಳ, ಗುಂಡಿನ ಸರ, ಜವಿಸರ, ಏಕಾವಳಿ, ಟೀಕಿ, ತಾಯಿತ, ಸರಿಗೆ, ಕಿವಿಗೆ ಬುಗುಡಿ, ಝುಮಕಿ, ಬೆಂಡವಾಲಿ, ತೋಳಿಗೆ ವಂಕಿ, ನಾಗಮುರಿಗೆ, ಕೈಗೆ ಪಾಟ್ಲಿ, ಬಿಲ್ವರ, ಗೋಟು, ಸೊಂಟಕ್ಕೆ ಡಾಬು, ಜಡೆಗೆ ನಾಗರ, ಕ್ಯಾದಿಗೆ, ರಾಗಟಿ. ಇವುಗಳಲ್ಲಿ ಕೆಲವು ಹೊಲದಿಂದ ಬಂದವು. ಬೋರೆಹಣ್ಣು, ಜವೆಗೋದಿಯ ಕಾಳು, ಕೇದಗೆ ಇವು ರೈತನ ಕಣ್ಣಿಗೆ ಪರಿಚಿತವಾದ ಆಕಾರಗಳು. ಕೆಲವು ಮರಾಠರ ಆಳ್ವಿಕೆಯ ಕಾಲದಲ್ಲಿ ಉತ್ತರದಿಂದ ಇಳಿದುಬಂದವು. ಪುತಳಿ ಸರದ ಕಥೆ ಇನ್ನೂ ದೂರದ್ದು. ಇಟಲಿಯ ವೆನಿಸ್ ನಗರದ ಚಿನ್ನದ ನಾಣ್ಯವು ಪಶ್ಚಿಮ ಕರಾವಳಿಯ ವ್ಯಾಪಾರದಿಂದ ದಕ್ಷಿಣಾಪಥಕ್ಕೆ ಹರಿದುಬಂದಾಗ, ಅದರ ಮೇಲಿನ ಮನುಷ್ಯಾಕೃತಿಗಳನ್ನು ಕಂಡ ಜನರು ಅದನ್ನು 'ಪುತಳಿ' ಎಂದರು. ಶುದ್ಧ ಚಿನ್ನವೆಂಬ ಕೀರ್ತಿಯಿದ್ದುದರಿಂದ ಅದಕ್ಕೆ ಕೊಂಡಿ ಹಚ್ಚಿ ಕೊರಳಿಗೆ ಪೋಣಿಸಿದರು. ನಾಣ್ಯ ಸಿಗದಾದಾಗ ಪತ್ತಾರನು ತಾನೇ ಬಿಲ್ಲೆಯನ್ನು ಹೊಡೆದು ಅದರ ಮೇಲೆ ಲಕ್ಷ್ಮಿಯನ್ನು ಕೂಡಿಸಿದನು. ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ತಂದ ಒಕ್ಕಲಿಗನ ಹೆಂಡತಿಯ ಕೊರಳಲ್ಲಿ ಹೀಗೆ ವೆನಿಸ್ಸಿನ ನೆನಪು ತೂಗುತ್ತದೆ.

ಬೋರಮಾಳದ ಗುಂಡನ್ನು ಮಾಡುವ ಬಗೆಯನ್ನು ಸ್ವಲ್ಪ ವಿವರಿಸಬೇಕು. ಚಿನ್ನವನ್ನು ಮೂಸೆಯಲ್ಲಿ ಕರಗಿಸಿ, ಎರೆದು, ಬಡಿದು ತೆಳುವಾದ ತಗಡನ್ನಾಗಿ ಮಾಡುತ್ತಾರೆ. ಕಂಚಿನ ಅಚ್ಚಿನ ಕುಳಿಯಲ್ಲಿ ಆ ತಗಡನ್ನಿಟ್ಟು ಒತ್ತಿದರೆ ಅರೆಗುಂಡು ಸಿದ್ಧವಾಗುತ್ತದೆ. ಎರಡು ಅರೆಗಳನ್ನು ಕೂಡಿಸಿ, ಸಂದಿಗೆ ಬಿಳಿಗಾರವನ್ನು ಹಚ್ಚಿ, ಬೆಸುಗೆಯ ಚೂರನ್ನಿಟ್ಟು, ಊದುಗೊಳವೆಯಿಂದ ದೀಪದ ಉರಿಯನ್ನು ಅಲ್ಲಿಗೇ ತಿರುಗಿಸಬೇಕು. ಉಸಿರು ಒಂದು ಕ್ಷಣ ಹೆಚ್ಚಾದರೆ ಬೆಸುಗೆಯೊಡನೆ ಗುಂಡೂ ಕರಗಿಹೋಗುತ್ತದೆ. ಬಳಿಕ ಒಳಗೆ ಅರಗನ್ನು ತುಂಬುತ್ತಾರೆ. ಇದರಿಂದ ತೆಳುವಾದ ಗುಂಡು ನೆಗ್ಗುವುದಿಲ್ಲ. ಕಡೆಗೆ ಹುಣಸೆ, ಉಪ್ಪು, ಪಟಿಕಗಳ ನೀರಿನಲ್ಲಿ ಕುದಿಸಿ ಬಣ್ಣವನ್ನು ತರುತ್ತಾರೆ. ಸ್ವಲ್ಪ ಚಿನ್ನದಲ್ಲಿ ತುಂಬಿದ ಸರವನ್ನು ತೋರಿಸುವ ಈ ಉಪಾಯದಲ್ಲಿ ಮಳೆಯನ್ನು ನಂಬಿದ ಬಯಲುಸೀಮೆಯ ಅರ್ಥಶಾಸ್ತ್ರವೇ ಅಡಗಿದೆ. ಸುಗ್ಗಿ ಬಂದಾಗ ನಾಲ್ಕು ಗುಂಡುಗಳನ್ನು ಸೇರಿಸಬಹುದು. ಬರ ಬಂದಾಗ ಎರಡನ್ನು ಬಿಚ್ಚಿ ಮಾರಬಹುದು. ಗುಂಡುಗಳನ್ನು ರೇಶಿಮೆಯ ಎಳೆಯಲ್ಲಿ ಪೋಣಿಸಿ ಗೊಂಡೆ ಕಟ್ಟುವವರು ಪಟವೇಗಾರರು. ಹಾವೇರಿಯ ಹೆಸರನ್ನು ದೂರದೂರಕ್ಕೆ ಒಯ್ದಿರುವ ಏಲಕ್ಕಿ ಮಾಲೆಯು ಇದೇ ಪಟವೇಗಾರ ಮನೆತನದ ಕೈಯಲ್ಲಿ ಬೆಳೆದು ಬಂದಿರುವುದು ಆಕಸ್ಮಿಕವೆಂದು ತೋರುವುದಿಲ್ಲ. ಗುಂಡಿನ ಬದಲು ಏಲಕ್ಕಿಯನ್ನು ಹಿಡಿದರೂ ಪೋಣಿಸುವ ಕೈ ಅದೇ ಆಗಿದೆ.

ಪತ್ತಾರನಿಗೆ ಹಿಂದಿನ ಗ್ರಾಮವ್ಯವಸ್ಥೆಯಲ್ಲಿ ಇನ್ನೊಂದು ಸ್ಥಾನವಿತ್ತು. ಇಕ್ಕೇರಿ ವರಹ, ಬಹಾದ್ದೂರಿ ಹೊನ್ನು, ಬಗೆಬಗೆಯ ರೂಪಾಯಿಗಳು ಒಂದೇ ಸಂತೆಯಲ್ಲಿ ಓಡಾಡುತ್ತಿದ್ದ ಕಾಲದಲ್ಲಿ ಕಂದಾಯಕ್ಕೆ ಬಂದ ಹಣವನ್ನು ಒರೆಗೆ ಹಚ್ಚಿ ಪರೀಕ್ಷಿಸುವವನು ಬೇಕಾಗಿತ್ತು. ಆತನೇ ಪೋತದಾರ. ಬಹುತೇಕ ಈ ಕೆಲಸ ಊರಿನ ಚಿನ್ನಗೆಲಸದವನ ಪಾಲಿಗೆ ಬರುತ್ತಿತ್ತು. ಅದಕ್ಕೆ ಅವನಿಗೆ ಆಯ ಸಲ್ಲುತ್ತಿತ್ತು. ಲೋಕವು ಕಳ್ಳನೆಂದು ಗಾದೆ ಕಟ್ಟಿದವನ ಕಣ್ಣನ್ನೇ ಸರಕಾರವು ನಂಬಿದ್ದುದು ವಿಚಿತ್ರವಾದರೂ ನಿಜ. 1818ರ ಹೊತ್ತಿಗೆ ಈ ಪ್ರದೇಶ ಪೇಶ್ವೆಯರಿಂದ ಇಂಗ್ಲಿಷರ ಕೈಸೇರಿತು. 1835ರಲ್ಲಿ ಕುಂಪಣಿ ಸರಕಾರವು ಏಕರೂಪದ ರೂಪಾಯಿಯನ್ನು ಜಾರಿಗೆ ತಂದಿತು. ಹಳೆಯ ನಾಣ್ಯಗಳು ಹಿಂದೆ ಸರಿದಂತೆ ಪೋತದಾರನ ಕೆಲಸವೂ ಮಾಯವಾಯಿತು. ಇಂದು ಅದು ಮನೆತನದ ಹೆಸರಾಗಿ ಮಾತ್ರ ಉಳಿದಿದೆ. ಆದರೆ ಒಡವೆ ಮಾಡುವ ಕೆಲಸಕ್ಕೆ ಇದರಿಂದ ಧಕ್ಕೆಯಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹತ್ತಿಯ ಬೆಲೆ ಏರಿ, ರೈಲು ಬಂದು, ರಾಣೆಬೆನ್ನೂರಿನ ಬಟ್ಟೆ ಮತ್ತು ಹತ್ತಿ, ಬ್ಯಾಡಗಿಯ ಮೆಣಸಿನಕಾಯಿ ದೂರದ ಪೇಟೆಗಳನ್ನು ಕಂಡಾಗ ರೈತನ ಉಳಿತಾಯವು ಬ್ಯಾಂಕಿಲ್ಲದ ಆ ಕಾಲದಲ್ಲಿ ಪತ್ತಾರನ ಅಗ್ಗಿಷ್ಟಿಕೆಯ ಕಡೆಗೇ ಹರಿಯಿತು.

ನಿಜವಾದ ಪೆಟ್ಟು ಬಿದ್ದುದು 1963ರಲ್ಲಿ. ಚೀನದ ಆಕ್ರಮಣದ ತರುವಾಯ, ವಿದೇಶಿ ವಿನಿಮಯದ ಕೊರತೆಯನ್ನೂ ಚಿನ್ನದ ಕಳ್ಳಸಾಗಣೆಯನ್ನೂ ತಡೆಯುವ ಉದ್ದೇಶದಿಂದ ಕೇಂದ್ರ ಅರ್ಥಮಂತ್ರಿಗಳಾಗಿದ್ದ ಮೊರಾರ್ಜಿ ದೇಸಾಯಿಯವರು ಆ ವರ್ಷದ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳನ್ನು ತಂದರು. 14 ಕ್ಯಾರೆಟ್ಟಿಗಿಂತ ಮೇಲ್ಪಟ್ಟ ಚಿನ್ನದಲ್ಲಿ ಹೊಸ ಒಡವೆ ಮಾಡುವುದು ನಿಷಿದ್ಧವಾಯಿತು. ಆಡಳಿತದ ದೃಷ್ಟಿಯಿಂದ ಇದು ಒಂದು ಅಂಕಿ ಮಾತ್ರ. ಪತ್ತಾರನ ಕೈಗೆ ಅದು ಬೇರೆಯೇ ಲೋಹ. 24ರಲ್ಲಿ 14 ಪಾಲು ಮಾತ್ರ ಚಿನ್ನವಿದ್ದು ಉಳಿದುದು ತಾಮ್ರ ಮುಂತಾದವಾದರೆ ತಗಡು ಬಡಿದಂತೆ ಗಡುಸಾಗುತ್ತದೆ, ಸೀಳುತ್ತದೆ; ಬೆಂಕಿಗೆ ಕಪ್ಪಾಗುತ್ತದೆ; ಮೇಲೆ ಹೇಳಿದ ತೆಳುವಾದ ಗುಂಡನ್ನು ಅದರಲ್ಲಿ ಒತ್ತುವುದು ದುಸ್ತರ. ಗಿರಾಕಿಗೂ ಅದು ಬೇಡ, ಏಕೆಂದರೆ ಅವನು ಕೊಳ್ಳುತ್ತಿದ್ದುದು ಅಲಂಕಾರದ ಜೊತೆಗೆ ಆಪತ್ಕಾಲದ ಧನವನ್ನು. ದೇಶದ ಹಲವೆಡೆ ಕೆಲಸ ಕಳೆದುಕೊಂಡ ಅಕ್ಕಸಾಲಿಗರ ಆತ್ಮಹತ್ಯೆಗಳು ವರದಿಯಾದವು. 1966ರ ಸೆಪ್ಟೆಂಬರಿನಲ್ಲಿ 14 ಕ್ಯಾರೆಟ್ಟಿನ ನಿರ್ಬಂಧವು ಸಡಿಲಗೊಂಡಿತು. ಆದರೆ 1968ರ ಕಾಯಿದೆಯ ಮೂಲಕ ಪರವಾನಿಗೆ, ದಫ್ತರು, ತಪಾಸಣೆಗಳು ನಿಂತವು. ಅವು ತೊಲಗಿದ್ದು 1990ರಲ್ಲಿ. ಸುಮಾರು ಇಪ್ಪತ್ತೇಳು ವರ್ಷ ಎಂದರೆ ಒಂದು ತಲೆಮಾರು ಕಸಬು ಕಲಿಯುವ ಕಾಲ. ಈ ಅವಧಿಯಲ್ಲಿ ಮಗನನ್ನು ಅಡಿಗಲ್ಲಿನ ಮುಂದೆ ಕೂರಿಸಲು ತಂದೆಯೇ ಹಿಂಜರಿದನು. ನಿಯಮದ ಸಮರ್ಥಕರು ಮುಂದಿಡುವ ವಿನಿಮಯದ ಲೆಕ್ಕವನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕಳ್ಳಸಾಗಣೆಯೂ ನಿಲ್ಲಲಿಲ್ಲ, ಕೈವಿದ್ಯೆಯೂ ಉಳಿಯಲಿಲ್ಲವೆಂಬುದು ಚರಿತ್ರಕಾರನು ಹೇಳಲೇಬೇಕಾದ ಮಾತು.

ಬೆಳ್ಳಿಗೆ ಈ ನಿಯಮ ತಾಗಲಿಲ್ಲ. ಕರಡಿಗೆ, ಕಾಲಗಡಗ, ಪೈಜಣ, ಲಂಬಾಣಿ ತಾಂಡಾಗಳ ಹೆಂಗಸರು ತೊಡುವ ಹಾಸಲಿ ಮತ್ತು ಘೂಗ್ರಿ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಮಾಲತೇಶನಂಥ ದೈವಗಳಿಗೆ ಭಕ್ತರು ಒಪ್ಪಿಸುವ ಬೆಳ್ಳಿಯ ಕಣ್ಣು, ಮೀಸೆ, ತೊಟ್ಟಿಲು ಇವುಗಳನ್ನು ಮಾಡುವ ಕೈಗಳಿಗೆ ಬದುಕುವ ಒಂದು ಸಣ್ಣ ದಾರಿ ಉಳಿದಿತ್ತು. ಚಿನ್ನದ ಸೂಕ್ಷ್ಮಕೆಲಸ ಮರೆತುಹೋದ ಕಡೆಗಳಲ್ಲಿಯೂ ಉಬ್ಬುಗೆಲಸ, ತಂತಿ ಎಳೆಯುವ ಕಂಬಚ್ಚಿನ ಬಳಕೆ, ಬಳ್ಳಿಯ ಕೆತ್ತನೆಗಳು ಉಳಿದಿದ್ದರೆ ಅದಕ್ಕೆ ಈ ಬೆಳ್ಳಿಯ ಆಸರೆಯೇ ಕಾರಣವಿರಬೇಕೆಂದು ನಮ್ಮ ಅಭಿಪ್ರಾಯ.

1990ರ ಬಳಿಕ ಚಿನ್ನ ಮುಕ್ತವಾಯಿತು. ಆದರೆ ಅದರೊಡನೆ ಯಂತ್ರದ ಸರ, ದೊಡ್ಡ ಮಳಿಗೆ, ಸಿದ್ಧ ಒಡವೆಗಳೂ ಬಂದವು. ಕಾರ್ಖಾನೆಗಳಲ್ಲಿ ಈಗ ನಡೆಯುವ ಎರಕವು ತತ್ತ್ವದಲ್ಲಿ ಸೋಮೇಶ್ವರನು ಹೇಳಿದ ಮೇಣದ ವಿಧಾನವೇ. ಮೇಣದ ರೂಪವನ್ನು ಮಾತ್ರ ಈಗ ಗಣಕಯಂತ್ರವು ಕೊರೆದುಕೊಡುತ್ತದೆ. 2021ರ ಜೂನಿನಿಂದ ಹಾಲ್‌ಮಾರ್ಕ್ ಮುದ್ರೆಯು ದೇಶದ ಅನೇಕ ಜಿಲ್ಲೆಗಳಲ್ಲಿ ಕಡ್ಡಾಯವಾಗಿ, 2023ರ ಏಪ್ರಿಲ್ 1ರಿಂದ ಆರು ಅಕ್ಷರಾಂಕಿಗಳ ಗುರುತಿಲ್ಲದೆ ಮಾರಾಟ ಕೂಡದೆಂದಾಯಿತು. ಒರೆಗಲ್ಲಿನ ಮೇಲೆ ಗೆರೆ ಎಳೆದು ಚಿನ್ನದ ಬಣ್ಣವನ್ನು ಓದುವ ಪೋತದಾರನ ವಿದ್ಯೆಗೆ ಇದು ಎರಡನೆಯ ನಿವೃತ್ತಿ. ಗಿರಾಕಿಗೆ ಇದರಿಂದ ಲಾಭವೇ ಆಗಿದೆಯೆಂದು ಒಪ್ಪಬೇಕು.

ಇಂದಿನ ಒಡವೆಯ ಕಲಾವಿದರು ದೇವಾಲಯಗಳಿಂದ ಸ್ಫೂರ್ತಿ ಪಡೆಯುವುದಾಗಿ ಹೇಳಿಕೊಳ್ಳುತ್ತಾರೆ. ಪೇಟೆಯಲ್ಲಿ 'ಟೆಂಪಲ್ ಆಭರಣ' ಎಂಬ ಹೆಸರಿನಲ್ಲಿ ನಡೆಯುವುದು ಬಹುಮಟ್ಟಿಗೆ ತಮಿಳುನಾಡಿನ ನಾಗರಕೋಯಿಲಿನ ವಡಶೇರಿಯ ಮಾದರಿ. ಅದು ಉತ್ತಮವಾದ ಕೆಲಸವೇ. ಅದರ ನಾಡಿನಲ್ಲಿ ಅದಕ್ಕೆ ಸಲ್ಲುವ ಗೌರವ ನ್ಯಾಯವಾದದ್ದೇ. ಆದರೆ ಹಾವೇರಿಯ ಅಂಗಡಿಯಲ್ಲಿ ಅದನ್ನು ಕೊಳ್ಳುವವರಿಗೆ ತಮ್ಮೂರಿನ ಸಿದ್ಧೇಶ್ವರನ ಗುಡಿಯ ಗೋಡೆಯ ಮೇಲೆ ಬೇರೆ ಬಗೆಯ ಹಾರ, ಬೇರೆ ಬಗೆಯ ಕೊಂಡಿ, ಬೇರೆ ಬಗೆಯ ಮಕರತೋರಣ ಇರುವುದನ್ನು ತೋರಿಸಿದವರಿಲ್ಲ. ಇವುಗಳ ಅಳತೆಯ ರೇಖಾಚಿತ್ರಗಳನ್ನು ತೆಗೆದು, ಬದುಕಿರುವ ಹಿರಿಯ ಪತ್ತಾರರ ಮುಂದಿಟ್ಟು, ಯಾವುದನ್ನು ಲೋಹದಲ್ಲಿ ಮಾಡಬಹುದು, ಯಾವುದು ಕಲ್ಲಿನ ಕಲ್ಪನೆ ಮಾತ್ರ ಎಂದು ಅವರಿಂದಲೇ ಕೇಳಿ ಬರೆದುಕೊಳ್ಳುವುದು ನಮ್ಮ ವಿದ್ಯಾರ್ಥಿಗಳು ಕೈಕೊಳ್ಳಬೇಕಾದ ಕೆಲಸ. ಶಾಸ್ತ್ರಗ್ರಂಥವನ್ನೂ ಶಿಲ್ಪವನ್ನೂ ಮಾತ್ರ ನೋಡಿ ಬರೆದ ಆಭರಣ ಚರಿತ್ರೆಗಳಿಗೆ ಈ ಸಾಕ್ಷಿ ದೊರೆತಿಲ್ಲ.

ಇದಕ್ಕೂ ಮೊದಲು ಆಗಬೇಕಾದದ್ದು ಅಚ್ಚುಗಳ ಸಂಗ್ರಹ. ಒಡವೆ ಕರಗಿದರೂ ಅದನ್ನು ಒತ್ತಿದ ಕಂಚಿನ ಅಚ್ಚು ಕರಗದೆ ಉಳಿಯುತ್ತದೆ. ಜವೆಯ ಕಾಳಿನದು, ಬೋರೆಯದು, ನಾಗರದ ಹೆಡೆಯದು, ಪುತಳಿಯದು ಹೀಗೆ ಹತ್ತಾರು ಕುಳಿಗಳು ಒಂದೇ ಗಟ್ಟಿಯ ನಾಲ್ಕು ಮಗ್ಗುಲಲ್ಲಿ ಇರುವುದುಂಟು. ಕಸಬು ನಿಂತ ಮನೆಗಳಲ್ಲಿ ಇಂಥ ಗಟ್ಟಿಗಳು ಮೂಸೆ, ಚಿಮಟ, ಗುಲಗಂಜಿಯ ಡಬ್ಬಿಗಳೊಡನೆ ಅಟ್ಟದ ಮೇಲೆ ಬಿದ್ದಿದ್ದು, ಮನೆ ಕಟ್ಟಿಸುವಾಗ ಹಳೆಯ ಕಂಚಿನ ತೂಕದ ಬೆಲೆಗೆ ಗುಜರಿಗೆ ಹೋಗುತ್ತವೆ. ಪ್ರತಿಯೊಂದು ಕುಳಿಗೂ ವೃತ್ತಿಯವರಲ್ಲಿ ಒಂದೊಂದು ಹೆಸರಿದೆ. ಅಚ್ಚು ದೊರೆತಾಗ ಆ ಹೆಸರನ್ನೂ, ಅದು ಯಾವ ಊರಿನ ಯಾವ ಓಣಿಯದೆಂಬುದನ್ನೂ ಅಂದೇ ಬರೆದಿಟ್ಟುಕೊಳ್ಳತಕ್ಕದ್ದು.